ಬೇಸಿಗೆ ರಜೆಯಲ್ಲಿ ಅಜ್ಜನಿಂದ ಆರು ವರ್ಷದ ಮಗಳವರೆಗೆ ಎಲ್ಲರೂ ಸೇರಿ ಏನು ಮಾಡಬಹುದು?

ಸುಂಟಿಕೊಪ್ಪದ ಅಮ್ಮ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೆಯ ವಾರದಿಂದ ಮಕ್ಕಳಿಗೆ ರಜೆ. ಮೇ ಮುಗಿಯುವವರೆಗೆ ಮನೆ ತುಂಬ ಗಲಾಟೆ. ಈಗಲೇ ಕುಳಿತು ಯೋಚಿಸದಿದ್ದರೆ ರಜೆ ಹೇಗೆ ಬಂತು, ಹೇಗೆ ಹೋಯಿತು ಎಂದು ತಿಳಿಯುವುದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಹನ್ನೊಂದು ವರ್ಷದ ಮಗ, ಆರು ವರ್ಷದ ಮಗಳು. ರಜೆಗೆ ನಾದಿನಿಯ ಮಗ ಬೆಂಗಳೂರಿನಿಂದ ಬರುತ್ತಾನೆ. ಅವನಿಗೆ ಹದಿಮೂರು. ಒಳ್ಳೆಯ ಹುಡುಗ, ಆದರೆ ಮೊಬೈಲ್ ಕೈಯಿಂದ ಇಳಿಯುವುದಿಲ್ಲ. ಮಾವನವರಿಗೆ ಮಂಡಿನೋವು, ಹತ್ತಿ ಇಳಿಯುವುದು ಕಷ್ಟ. ಮಗಳಿಗೆ ಘಟ್ಟದ ತಿರುವುಗಳಲ್ಲಿ ವಾಂತಿ. ನನ್ನ ಯಜಮಾನರಿಗೆ ಮೆಣಸು ಕೊಯ್ಲು ಮುಗಿಯುವವರೆಗೆ ಪುರುಸೊತ್ತಿಲ್ಲ. ಮುಗಿದ ಮೇಲೂ ವಾರಕ್ಕೆ ಒಂದೆರಡು ದಿನ ಬಿಡುವಾದರೆ ಹೆಚ್ಚು.

ಊರಿಗೆ ಬರುವ ಪ್ರವಾಸಿಗರು ನೋಡುವುದನ್ನೇ ನಾವೂ ನೋಡಿಕೊಂಡು ಬರುವುದು ನನಗೆ ಬೇಡ. ಶನಿವಾರ, ಭಾನುವಾರ ರಾಜಾಸೀಟಿನ ಹತ್ತಿರ ವಾಹನ ನಿಲ್ಲಿಸಲು ಜಾಗ ಸಿಗುವುದಿಲ್ಲ. ಅಬ್ಬಿ ಜಲಪಾತದಲ್ಲಿ ಈ ತಿಂಗಳಲ್ಲಿ ನೀರೂ ಕಡಿಮೆ. ರೆಸಾರ್ಟಿಗೆ ದುಡ್ಡು ಸುರಿಯುವ ಮನಸ್ಸಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಮೇಲೆ ಹತ್ತಿ ನೋಡಿ ಬರುವವರೆಗೆ ಮಾವನವರು ಕಾರಿನಲ್ಲಿ ಕುಳಿತು ಕಾಯುವಂಥ ಪ್ರವಾಸ ಬೇಡ. ಅವರು ಏನೂ ಹೇಳುವುದಿಲ್ಲ, ಕಿಟಕಿ ಇಳಿಸಿಕೊಂಡು ಸುಮ್ಮನೆ ಕೂರುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ. ಏಳು ಜನರೂ ಸೇರಿ ಮಾಡುವಂಥದ್ದು ಏನಿದೆ? ಕೊಡಗಿನೊಳಗೇ ಇರಬೇಕು, ಸಂಜೆಗೆ ಮನೆ ಸೇರುವಂತಿರಬೇಕು. ಅನುಭವ ಇರುವವರು ದಯವಿಟ್ಟು ಹೇಳಿ.

ಕುಶಾಲನಗರದ ಅಪ್ಪ

ಅಕ್ಕ, ನಿಮಗೆ ನಮ್ಮ ಕಡೆ ಹತ್ತಿರ, ರಸ್ತೆಯಲ್ಲಿ ತಿರುವುಗಳೂ ಕಡಿಮೆ. ಶುರುವನ್ನು ಇಲ್ಲಿಂದಲೇ ಮಾಡಿ. ವಾರದ ನಡುವಿನ ದಿನ ಆರಿಸಿಕೊಳ್ಳಿ, ಊರಿನವರಾದ ನಮಗೆ ಅದೊಂದು ಅನುಕೂಲ ಇದೆ.

ದುಬಾರೆ ಆನೆ ಶಿಬಿರಕ್ಕೆ ಹೋಗುವುದಾದರೆ ಬೆಳಗ್ಗೆ ಬೇಗ ತಲುಪಿ. ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗಿನ ಹೊತ್ತು. ಮಾವುತರು ಆನೆಯನ್ನು ನೀರಿನಲ್ಲಿ ಒಂದು ಮಗ್ಗುಲಿಗೆ ಮಲಗಿಸಿ, ಬ್ರಷ್ ಹಿಡಿದು ಕಿವಿಯ ಹಿಂದೆ ಉಜ್ಜುವಾಗ ಅದು ಸೊಂಡಿಲ ತುದಿಯನ್ನು ಮಾತ್ರ ನೀರಿನ ಮೇಲೆ ಇಟ್ಟುಕೊಂಡು ಉಸಿರಾಡುತ್ತಿರುತ್ತದೆ. ಮಕ್ಕಳು ಅದನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಾರೆ. ಧನಂಜಯ, ಗೋಪಿಯಂಥ ದಸರಾ ಆನೆಗಳು ಈ ಶಿಬಿರದವು. ಮೈಸೂರಿನ ಮೆರವಣಿಗೆಯನ್ನು ಟಿವಿಯಲ್ಲಿ ನೋಡಿದ ಮಕ್ಕಳಿಗೆ ಆ ಹೆಸರು ಹೇಳಿದರೆ ಸಾಕು. ಸಮಯ, ಟಿಕೆಟ್ ಆಗಾಗ ಬದಲಾಗುತ್ತವೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ನಿಮ್ಮ ಮಾವನವರಿಗೆ ಬೈಲುಕುಪ್ಪೆ ಒಳ್ಳೆಯದು. ಅದು ಮೈಸೂರು ಜಿಲ್ಲೆಗೆ ಸೇರಿದ್ದು, ಆದರೆ ನಮ್ಮ ಸೇತುವೆ ದಾಟಿದರೆ ಬಂತು. ಅಲ್ಲಿನ ಟಿಬೆಟನ್ ಬೌದ್ಧರ ನಾಮ್‌ಡ್ರೋಲಿಂಗ್ ಮಠದ ಆವರಣ ಹೆಚ್ಚುಕಡಿಮೆ ಸಮತಟ್ಟು. ಒಳಗೆ ಬುದ್ಧ, ಪದ್ಮಸಂಭವ, ಅಮಿತಾಯುಸ್, ಈ ಮೂರು ಬೃಹತ್ ವಿಗ್ರಹಗಳ ಮುಂದೆ ನೆಲದ ಮೇಲೆ ಸುಮ್ಮನೆ ಕುಳಿತುಕೊಳ್ಳಬಹುದು.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಮಕ್ಕಳನ್ನು ಹೊಳೆಗೆ ಇಳಿಸಬೇಡಿ. ಬೇಸಿಗೆಯಲ್ಲಿ ಕಾವೇರಿ ನೋಡಲು ಸಾಧು. ಬಂಡೆಗಳೆಲ್ಲ ಮೇಲೆ ಎದ್ದಿರುತ್ತವೆ, ನೀರು ಮೊಣಕಾಲಿನವರೆಗೆ ಕಾಣುತ್ತದೆ. ಎರಡು ಹೆಜ್ಜೆ ಮುಂದಿಟ್ಟರೆ ಆಳೆತ್ತರದ ಮಡು ಇರುತ್ತದೆ. ಬಂಡೆಯ ಮೇಲೆ ಪಾಚಿ, ಅಡಿಯಲ್ಲಿ ಸೆಳೆತ. ರಜೆಗೆ ಬಂದ ಮಕ್ಕಳು ನೀರುಪಾಲಾದರು ಎಂಬ ಸುದ್ದಿಯನ್ನು ಪ್ರತಿ ಬೇಸಿಗೆಯೂ ಓದುತ್ತೇವೆ. ಈಜು ಬರುತ್ತದೆ ಎಂದು ಬೆಂಗಳೂರಿನ ಹುಡುಗ ಹೇಳಿದರೂ ಬೇಡ. ಈಜುಕೊಳ ಬೇರೆ, ಹೊಳೆ ಬೇರೆ.

ಮೂರ್ನಾಡಿನ ಟೀಚರ್

ತಂಗಿ, ನಿಮ್ಮ ಪತ್ರದಲ್ಲಿ ಆ ಕಾರಿನ ಕಿಟಕಿಯ ಮಾತು ನನ್ನ ಮನಸ್ಸಿಗೆ ನಾಟಿತು. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮಕ್ಕಳನ್ನು ಜಾಗದಿಂದ ಜಾಗಕ್ಕೆ ಓಡಿಸಿದರೆ ಅವರಿಗೆ ಏನೂ ಉಳಿಯುವುದಿಲ್ಲ, ದೊಡ್ಡವರಿಗೆ ಬೆನ್ನುನೋವು ಉಳಿಯುತ್ತದೆ. ಅದಕ್ಕೆ ಬದಲು ಇಡೀ ರಜೆಗೆ ಒಂದೇ ಒಂದು ವಿಷಯ ಹಿಡಿಯಿರಿ. ನನ್ನನ್ನು ಕೇಳಿದರೆ, ಕಾವೇರಿಯನ್ನೇ ಹಿಡಿಯಿರಿ.

ಬ್ರಹ್ಮಗಿರಿಯ ತಲಕಾವೇರಿಯಲ್ಲಿ ಹುಟ್ಟಿ, ಸುಮಾರು 800 ಕಿಲೋಮೀಟರ್ ಹರಿದು, ಬಂಗಾಳ ಕೊಲ್ಲಿ ಸೇರುತ್ತದೆ ಎಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಅದೇ ಹೊಳೆ ನಮ್ಮ ಜಿಲ್ಲೆಯೊಳಗೆ ಎಲ್ಲಿ ತಿರುಗುತ್ತದೆ, ಯಾವ ಊರನ್ನು ಬಳಸುತ್ತದೆ, ಯಾವ ತೊರೆ ಎಲ್ಲಿ ಬಂದು ಕೂಡುತ್ತದೆ ಎಂದು ಕೇಳಿದರೆ ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಹೊಳೆಯ ದಡದಲ್ಲೇ ಹುಟ್ಟಿದ ಮಕ್ಕಳಿಗೆ ಇದು ಗೊತ್ತಿಲ್ಲವಲ್ಲ ಎಂಬ ಸಂಕಟ ನನಗೆ ಪಾಠ ಮಾಡುವಾಗಲೂ ಇತ್ತು, ಈಗಲೂ ಇದೆ.

ಕೆಳಗಿನಿಂದ ಮೇಲಕ್ಕೆ ಹೋಗಿ. ಎಲ್ಲರೂ ತಲಕಾವೇರಿಯಿಂದ ಶುರುಮಾಡುತ್ತಾರೆ. ನಿಮ್ಮ ಮಗಳ ಹೊಟ್ಟೆಗೂ ನಿಮ್ಮ ಮಾವನವರ ಮಂಡಿಗೂ ಅದು ಸರಿಹೋಗುವುದಿಲ್ಲ. ಕೆಳಗೆ ನೇರ ರಸ್ತೆ, ಹತ್ತಿರದ ಜಾಗ. ಅಲ್ಲಿಂದ ಶುರುಮಾಡಿ ವಾರಕ್ಕೊಂದು ನಿಲುಗಡೆಯಂತೆ ಮೇಲಕ್ಕೆ ಹೋಗುತ್ತಾ ಕೊನೆಗೆ ತಲಕಾವೇರಿ ತಲುಪಿ. ಪ್ರತಿ ಸಲವೂ ಹೊಳೆ ಸ್ವಲ್ಪ ಸ್ವಲ್ಪ ಕಿರಿದಾಗುತ್ತಾ ಹೋಗುವುದು ಮಕ್ಕಳ ಕಣ್ಣಿಗೇ ಕಾಣುತ್ತದೆ.

ಮೊದಲ ದಿನ ಕೂಡಿಗೆ. ಪುಷ್ಪಗಿರಿಯ ಕಡೆಯಿಂದ ಬರುವ ಹಾರಂಗಿ ಅಲ್ಲಿ ಕಾವೇರಿಗೆ ಸೇರುತ್ತದೆ. ಸಮಯ ಉಳಿದರೆ ಶಿರಂಗಾಲದವರೆಗೆ ಹೋಗಿ, ಅದರಾಚೆ ಹೊಳೆ ನಮ್ಮ ಜಿಲ್ಲೆಯನ್ನು ಬಿಡುತ್ತದೆ. ಎರಡನೆಯ ದಿನ ಕುಶಾಲನಗರದಿಂದ ಕೊಪ್ಪಕ್ಕೆ ಹೋಗುವ ಸೇತುವೆ ಮತ್ತು ನಿಸರ್ಗಧಾಮ. ನಿಸರ್ಗಧಾಮದಲ್ಲಿ ತೂಗುಸೇತುವೆ ದಾಟಿ ಬಿದಿರು ಮೆಳೆಯ ನೆರಳಿಗೆ ಹೋದರೆ ಅಜ್ಜ ಅಜ್ಜಿಯೂ ಆರಾಮವಾಗಿ ಕೂರಬಹುದು. ಸುತ್ತಲೂ ಹೊಳೆ, ನಡುವೆ ದ್ವೀಪ. ಮೂರನೆಯದು ದುಬಾರೆ. ನಾಲ್ಕನೆಯದು ನೆಲ್ಯಹುದಿಕೇರಿಯಿಂದ ಸಿದ್ದಾಪುರಕ್ಕೆ ದಾಟುವ ಸೇತುವೆ, ಅಲ್ಲಿಂದ ಗುಹ್ಯದ ಅಗಸ್ತ್ಯೇಶ್ವರ ದೇವಸ್ಥಾನ. ಆಮೇಲೆ ನಮ್ಮ ಕಡೆ ಬನ್ನಿ: ಮೂರ್ನಾಡಿನಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ ಬೇತ್ರಿ ಸೇತುವೆ, ಮತ್ತೆ ಬಲಮುರಿ. ಕೊನೆಗೆ ಭಾಗಮಂಡಲ, ತಲಕಾವೇರಿ.

ಪ್ರತಿ ಸೇತುವೆಯ ಮೇಲೂ ಒಂದೇ ಕೆಲಸ. ನಿಮ್ಮ ಚಿಕ್ಕವಳು ಈ ಕಡೆಯಿಂದ ಆ ಕಡೆಗೆ ತನ್ನ ಹೆಜ್ಜೆಗಳನ್ನು ಎಣಿಸಿಕೊಂಡು ನಡೆಯಲಿ. ಮಗ ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆಯಲಿ, ಜೊತೆಗೆ ನೀರಿನ ಬಣ್ಣ, ಬಂಡೆ ಎಷ್ಟು ಕಾಣುತ್ತಿದೆ, ದಡದಲ್ಲಿ ಯಾವ ಹಕ್ಕಿ ಕುಳಿತಿತ್ತು ಎಂಬುದನ್ನೂ. ಮಿಂಚುಳ್ಳಿ ಮತ್ತು ನೀರುಕಾಗೆ ಸಿಕ್ಕೇ ಸಿಗುತ್ತವೆ. ಬೆಂಗಳೂರಿನ ಹುಡುಗನ ಕೈಯಿಂದ ಮೊಬೈಲ್ ಕಿತ್ತುಕೊಳ್ಳಬೇಡಿ, ಅದಕ್ಕೆ ಕೆಲಸ ಕೊಡಿ. ಪ್ರತಿ ಸೇತುವೆಯ ನಡುವೆ ನಿಂತು, ಹೊಳೆ ಹರಿದು ಬರುವ ಕಡೆಗೆ ಮುಖ ಮಾಡಿ ಒಂದೇ ಒಂದು ಫೋಟೋ ತೆಗೆಯಬೇಕು. ಸಂಜೆ ನಕ್ಷೆ ಬರೆಯುವುದೂ ಅವನ ಪಾಲಿಗಿರಲಿ. ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿ, ರಜೆ ಮುಗಿಯುವಷ್ಟರಲ್ಲಿ ಹೊಳೆ ಅದರ ತುಂಬ ಹರಿದಿರಬೇಕು. ವಾಹನ ಓಡಾಡುವ ಸೇತುವೆಗಳಾದ್ದರಿಂದ ಬೆಳಗ್ಗೆ ಬೇಗ ಹೋಗಿ. ದೊಡ್ಡವರು ರಸ್ತೆಯ ಮಗ್ಗುಲಿಗೆ, ಮಗು ತಡೆಗೋಡೆಯ ಮಗ್ಗುಲಿಗೆ, ಕೈ ಬಿಡಬಾರದು.

ಇನ್ನು ನಿಮ್ಮ ಮಾವನವರು. ಈ ಆಟ ಅವರಿಲ್ಲದೆ ನಡೆಯುವುದೇ ಇಲ್ಲ. ಸೇತುವೆಯ ತುದಿಯಲ್ಲಿ ಮಡಚುವ ಕುರ್ಚಿ ಹಾಕಿ ಕೂರಿಸಿ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತಿತ್ತು, 2018ರ ನೆರೆಯಲ್ಲಿ ಎಲ್ಲಿ ಬಂದಿತ್ತು, 2019ರಲ್ಲಿ ಎಲ್ಲಿ ಬಂದಿತ್ತು, ಅವರು ಹುಡುಗನಾಗಿದ್ದಾಗ ಈ ದಾರಿಯಲ್ಲಿ ಬಸ್ ಇತ್ತೇ, ಯಾರ ಮದುವೆಗೆ ಈ ಹೊಳೆ ದಾಟಿದ್ದರು, ಎಲ್ಲವನ್ನೂ ಮಕ್ಕಳೇ ಕೇಳಿ ಬರೆದುಕೊಳ್ಳಲಿ. ಏಪ್ರಿಲಿನಲ್ಲಿ ಬೇತ್ರಿಯ ಸೇತುವೆಯಿಂದ ಕೆಳಗೆ ನೋಡಿದರೆ ಬಂಡೆಗಳ ನಡುವೆ ನೀರು ದಾರಿ ಹುಡುಕುತ್ತಿರುತ್ತದೆ. ಇದೇ ಹೊಳೆ ಆಗಸ್ಟಿನ ಜೋರು ಮಳೆಗೆ ಸೇತುವೆಯ ಮಟ್ಟಕ್ಕೆ ಏರುವುದುಂಟು ಎಂದು ನಾವು ಹೇಳಿದರೆ ಮಕ್ಕಳು ನಂಬುವುದಿಲ್ಲ. ಕಂಡ ಅಜ್ಜ ಕೈ ಎತ್ತಿ ತೋರಿಸಿದರೆ ನಂಬುತ್ತಾರೆ.

ಮೇಲಿನ ಅಣ್ಣ ನೀರಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಈ ಆಟಕ್ಕೆ ನೀರಿಗೆ ಇಳಿಯುವ ಅಗತ್ಯವೇ ಇಲ್ಲ.

ಚಾರಣದ ಯೋಚನೆ ಇದ್ದರೆ ಈಗ ಬಿಡಿ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಅರಣ್ಯ ಇಲಾಖೆಯವರು ಬೆಟ್ಟದ ಹಾದಿಗಳನ್ನು ಮುಚ್ಚುವುದುಂಟು, ಮುಚ್ಚುವುದು ಸರಿಯೂ ಹೌದು. ಎಲ್ಲಿಗೇ ಹೋದರೂ ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿರುಗುವಂತೆ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮ್ಮಲ್ಲಿ ಬರುವುದು ಹೊತ್ತು ಇಳಿದ ಮೇಲೆ.

ಸುಂಟಿಕೊಪ್ಪದ ಅಮ್ಮ

ಟೀಚರ್, ಓದಿ ಮುಗಿಸಿ ಯಜಮಾನರಿಗೂ ಓದಿ ಹೇಳಿದೆ. ಅವರು ಆಗಲೇ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಹುಡುಕಲು ಎದ್ದರು, ಹಿಂಬದಿಯಲ್ಲಿ ನಕ್ಷೆ ಬರೆಯಲು. ಒಂದು ಸಂದೇಹ: ವಾರಕ್ಕೆ ಒಂದು ದಿನ ಹೊಳೆ ಎಂದರೆ ಉಳಿದ ಆರು ದಿನ? ಮಳೆ ಹಿಡಿದುಕೊಂಡರೆ? ಹದಿಮೂರರ ಹುಡುಗನಿಗೆ ಆರರ ಹುಡುಗಿಯ ಜೊತೆ ಮನೆಯಲ್ಲಿ ಎಷ್ಟು ದಿನ ಆಟ ರುಚಿಸುತ್ತದೆ?

ಪೊನ್ನಂಪೇಟೆಯ ಚಿಕ್ಕಮ್ಮ

ಉಳಿದ ದಿನಗಳಿಗೆ ನನ್ನಲ್ಲಿ ಉತ್ತರ ಇದೆ. ಹಾಕಿ!

ಬೇಸಿಗೆ ರಜೆಯೆಂದರೆ ನಮಗೆ ಕೊಡವ ಕೌಟುಂಬಿಕ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದಾಗ ಅರವತ್ತು ಕುಟುಂಬಗಳ ತಂಡ ಇದ್ದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆಯಾಯಿತು. ಪ್ರತಿ ವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ, ಕಪ್ಪಿಗೆ ಆ ಮನೆತನದ ಹೆಸರು. ನಿಮಗೆ ಬೇಕಾಗಿರುವುದು ಇಡೀ ಮನೆ ಸೇರಿ ಮಾಡುವ ಸಂಗತಿ ತಾನೇ? ಅಲ್ಲಿ ಒಂದೇ ತಂಡದಲ್ಲಿ ಅಜ್ಜ, ಮಗ, ಮೊಮ್ಮಗ ಇರುತ್ತಾರೆ. ತಾಯಿ ಮಗಳು ಒಟ್ಟಿಗೆ ಮೈದಾನಕ್ಕೆ ಇಳಿಯುತ್ತಾರೆ. ನರೆತ ತಲೆಯ ಹಿರಿಯರು ಚೆಂಡನ್ನು ಮೊಮ್ಮಗನಿಗೆ ದಾಟಿಸಿದಾಗ ಗ್ಯಾಲರಿಯಲ್ಲಿ ಏಳುವ ಕೂಗನ್ನು ನಿಮ್ಮ ಬೆಂಗಳೂರಿನ ಹುಡುಗ ಕೇಳಲೇಬೇಕು. ನೋಡಲು ಕೊಡವರೇ ಆಗಬೇಕೆಂದಿಲ್ಲ, ಎಲ್ಲರಿಗೂ ಜಾಗ ಇದೆ.

ಫೈನಲ್ ದಿನ ಹೋಗಬೇಡಿ, ಜನಜಂಗುಳಿಯಲ್ಲಿ ಮಾವನವರಿಗೆ ಕಷ್ಟ. ಮೊದಲ ಸುತ್ತುಗಳ ದಿನ ಬೆಳಗ್ಗೆ ಹೋಗಿ. ಒಂದಾದ ಮೇಲೊಂದು ಪಂದ್ಯ, ಬೇಕಾದಲ್ಲಿ ಕೂರಬಹುದು. ಮನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ತಂಡವನ್ನು ತಮ್ಮದೆಂದು ಆರಿಸಿಕೊಳ್ಳಿ, ನಿಮ್ಮ ಅತ್ತೆಯೂ ಸೇರಿ. ಪರಿಚಯದ ಮನೆತನವಾದರೆ ಇನ್ನೂ ಒಳ್ಳೆಯದು. ಆಮೇಲೆ ದಿನವೂ ಪತ್ರಿಕೆಯಲ್ಲಿ ಯಾರ ತಂಡ ಉಳಿಯಿತು, ಯಾರದು ಹೊರಬಿತ್ತು ಎಂದು ಹುಡುಕುವುದು ಹದಿಮೂರರ ಹುಡುಗನಿಗೂ ರುಚಿಸುತ್ತದೆ, ಆರರ ಹುಡುಗಿಗೂ ರುಚಿಸುತ್ತದೆ. ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಪಟ್ಟಿ ಅಂಟಿಸುತ್ತೇವೆ. ಸೋತ ತಂಡದವರು ಆ ರಾತ್ರಿ ಪಾತ್ರೆ ತೊಳೆಯಬೇಕು.

ಹಿಂದಿರುಗಿ ಬಂದ ಮೇಲೆ ಕಾಫಿ ಕಣ ಇದ್ದೇ ಇದೆಯಲ್ಲ. ಮೆಣಸು ಒಣಗಿ ಮೂಟೆ ಕಟ್ಟಿದ ಮೇಲೆ ಆ ಸಿಮೆಂಟಿನ ಅಂಗಳಕ್ಕಿಂತ ಒಳ್ಳೆಯ ಹಾಕಿ ಮೈದಾನ ಎಲ್ಲಿದೆ? ಎರಡು ಕೋಲು, ಒಂದು ಹಳೆಯ ಚೆಂಡು ಸಾಕು.

ಮಡಿಕೇರಿಗೆ ಒಂದು ದಿನ ಹೋಗುವುದಾದರೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ನೋಡಿ. 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಂಗಳದಲ್ಲಿ ಯುದ್ಧ ಟ್ಯಾಂಕ್ ಇದೆ, ಹುಡುಗರು ಅದನ್ನು ಬಿಟ್ಟು ಬರುವುದಿಲ್ಲ. ಅಲ್ಲಿಂದ ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗಿ ಕೊಳದ ಮೀನು ತೋರಿಸಿದರೆ ಚಿಕ್ಕವಳಿಗೂ ಪಾಲು ಸಿಕ್ಕಂತಾಯಿತು.

ಸೋಮವಾರಪೇಟೆ ಕಡೆಯ ಅಜ್ಜಿ

ಮಗಳೇ, ಮಳೆ ಹಿಡಿದರೆ ಏನು ಮಾಡುವುದು ಎಂದು ಕೇಳಿದ್ದೀಯ. ಬಿಸಿಲಿದ್ದಾಗ ಏನು ಮಾಡಬೇಕೆಂದು ನಾನು ಹೇಳುತ್ತೇನೆ. ಹಲಸಿನ ಹಪ್ಪಳ ಮಾಡು.

ಹಲಸು ಹಣ್ಣಾದರೆ ವಾಸನೆಗೆ ಕಾಡಾನೆ ತೋಟಕ್ಕೆ ನುಗ್ಗುತ್ತದೆ, ಅದು ನಿನಗೂ ಗೊತ್ತು. ಮನೆಯ ಹತ್ತಿರದ ಮರದಿಂದ ಬಲಿತ ಕಾಯಿಗಳನ್ನು ಹೇಗೂ ಇಳಿಸಲೇಬೇಕು. ಇಳಿಸಿದ್ದನ್ನು ಎಸೆಯುವ ಬದಲು ಇಡೀ ಮನೆ ಅಂಗಳದಲ್ಲಿ ಕೂರಲಿ. ನಿನ್ನ ಗಂಡ ಕಾಯಿ ಸೀಳಲಿ, ಕೈಗೂ ಕತ್ತಿಗೂ ಎಣ್ಣೆ ಹಚ್ಚಿಕೊಂಡು. ಮೇಣವನ್ನು ಕೋಲಿಗೆ ಸುತ್ತಿ ತೆಗೆಯುವ ಕೆಲಸ ದೊಡ್ಡ ಹುಡುಗನಿಗೆ ಕೊಡು. ಅಂಟು ಎಳೆದಷ್ಟೂ ಉದ್ದವಾಗುವುದು ಕಂಡರೆ ಅವನು ಬಿಡುವುದಿಲ್ಲ. ತೊಳೆ ಬಿಡಿಸಿ ಬೀಜ ತೆಗೆಯುವುದು ನಿನ್ನ ಮಗನಿಗೆ. ತೊಳೆಗಳನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಒಣಮೆಣಸು, ಜೀರಿಗೆ ಹಾಕಿ ನಾರಿನ ಎಳೆ ಉಳಿಯದಂತೆ ಕುಟ್ಟಬೇಕು. ಅದು ನಿನ್ನ ಅತ್ತೆಯ ಹೊಣೆ, ಹದ ಅವರ ಬೆರಳಿಗೆ ಗೊತ್ತಿರುತ್ತದೆ. ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಮಣೆಯಿಂದ ಒತ್ತಬೇಕು. ಒತ್ತುವುದು ನಿನ್ನ ಮಗಳ ಕೆಲಸ. ಮಣೆಯ ಮೇಲೆ ಅವಳೇ ಕುಳಿತುಬಿಟ್ಟರೆ ಹಪ್ಪಳ ತೆಳುವಾಗುತ್ತದೆ. ನಿನ್ನ ಮಾವನವರು ಕೋಲು ಹಿಡಿದು ಚಾಪೆಯ ಹತ್ತಿರ ಕುರ್ಚಿ ಹಾಕಿಕೊಂಡು ಕಾಗೆ, ಕೋಳಿ ಕಾಯಲಿ, ಮೋಡ ಕಂಡ ಕೂಡಲೇ ಕೂಗಲಿ. ಆ ಕೂಗಿಗೆ ಏಳು ಜನರೂ ಎದ್ದು ಓಡಿ ಚಾಪೆ ಎತ್ತಬೇಕು. ಅದಕ್ಕಿಂತ ದೊಡ್ಡ ಆಟ ನಾನು ಕಂಡಿಲ್ಲ.

ಬೀಜ ಬಿಸಾಡಬೇಡ. ಮಳೆ ಬಂದ ಸಂಜೆ ಕೆಂಡದಲ್ಲಿ ಸುಟ್ಟುಕೊಡು. ಆಲಿಕಲ್ಲು ಬಿದ್ದರೆ ಮಕ್ಕಳು ಅಂಗಳಕ್ಕೆ ಹಾರುತ್ತಾರೆ, ಗುಡುಗು ನಿಲ್ಲುವವರೆಗೆ ಜಗಲಿಯಲ್ಲೇ ಹಿಡಿದಿಡು.

ಇನ್ನೊಂದು, ಇದನ್ನು ಅಜ್ಜಿಯ ಭಯ ಎಂದು ತಳ್ಳಿಹಾಕಬೇಡ. ಮುಸ್ಸಂಜೆಯ ಮೇಲೆ ಮಕ್ಕಳನ್ನು ತೋಟದೊಳಗೆ ಬಿಡಬೇಡ. ಬೆಂಗಳೂರಿನ ಹುಡುಗನಿಗೆ ಮೊದಲ ದಿನವೇ ಕೂರಿಸಿ ಹೇಳು. ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೆ ಹತ್ತಡಿ ದೂರದಿಂದಲೂ ಕಾಣುವುದಿಲ್ಲ. ತೋಟ ಸುತ್ತಿ ಬಂದ ಮೇಲೆ ಕಾಲಿನಲ್ಲಿ ಉಣ್ಣೆ ಹುಳು ಹತ್ತಿದೆಯೇ ಎಂದು ನೋಡಿ, ಬಿಸಿನೀರಿನ ಸ್ನಾನ ಮಾಡಿಸು.

ಸುಂಟಿಕೊಪ್ಪದ ಅಮ್ಮ

ಅಜ್ಜಿ, ಟೀಚರ್, ಅಣ್ಣ, ಚಿಕ್ಕಮ್ಮ, ನಿಮ್ಮೆಲ್ಲರಿಗೂ ಮನಸಾರೆ ವಂದನೆ. ನಿನ್ನೆ ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಾತುಗಳನ್ನೆಲ್ಲ ಮನೆಯವರಿಗೆ ಓದಿದೆ. ಮಗ ಆಗಲೇ ಪುಸ್ತಕಕ್ಕೆ ರಟ್ಟು ಹಾಕಿ, ಮೊದಲ ಪುಟದಲ್ಲಿ ಸೇತುವೆಗಳ ಹೆಸರು ಬರೆದಿದ್ದಾನೆ. ಮಗಳು ಊಟದ ಕೋಣೆಯಿಂದ ಜಗಲಿಯವರೆಗೆ ಹೆಜ್ಜೆ ಎಣಿಸಿ ಅಭ್ಯಾಸ ಮಾಡುತ್ತಿದ್ದಾಳೆ. ಬೆಂಗಳೂರಿಗೆ ಫೋನ್ ಮಾಡಿದಾಗ ಅಳಿಯ ಹುಡುಗ ಕೇಳಿದ ಮೊದಲ ಪ್ರಶ್ನೆ ಹಾಕಿಯಲ್ಲಿ ತಾನು ಯಾವ ತಂಡವನ್ನು ಆರಿಸಬೇಕು ಎಂಬುದು.

ಮಾವನವರು ಊಟ ಮುಗಿಯುವವರೆಗೂ ಮಾತಾಡಲಿಲ್ಲ. ಕೈ ತೊಳೆದು ಬಂದು, ಬೇತ್ರಿಗೆ ಹೋಗುವ ದಿನ ಮೂರ್ನಾಡಿನಲ್ಲಿ ನನ್ನ ಅಕ್ಕನ ಮನೆಗೆ ಹೋಗಿ ಅವಳನ್ನೂ ಕರೆದುಕೊಂಡು ಹೋಗೋಣ, ಹೊಳೆಯ ವಿಷಯ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು ಎಂದರು. ಅಂದರೆ ಎಂಟು ಜನ. ಒಂದು ಕಾರಿನಲ್ಲಿ ಹಿಡಿಸುವುದಿಲ್ಲ. ಅಂದು ಜೀಪ್ ಬಾಡಿಗೆಗೆ ಹೇಳುತ್ತೇವೆ.

ಟೀಚರ್, ಒಂದೇ ಒಂದು ಕೇಳುತ್ತೇನೆ. ತಲಕಾವೇರಿಯ ಮೆಟ್ಟಿಲುಗಳಿಗೆ ಮಾವನವರ ವಿಷಯದಲ್ಲಿ ಏನು ಮಾಡಲಿ?

ಮೂರ್ನಾಡಿನ ಟೀಚರ್

ಆ ದಿನ ಬೇರೆ ಯಾವ ಜಾಗವನ್ನೂ ಸೇರಿಸಬೇಡಿ. ಮಗಳಿಗೆ ಬೆಳಗ್ಗೆ ಎಣ್ಣೆಯ ತಿಂಡಿ ಬೇಡ, ಇಡ್ಲಿ ಸಾಕು, ಹಿಂದಿನ ಸೀಟಿನ ಬದಲು ನಡುಸೀಟಿನಲ್ಲಿ ಅಮ್ಮನ ಜೊತೆ ಕೂರಿಸಿ ದೂರದ ಬೆಟ್ಟ ನೋಡಲು ಹೇಳಿ. ಭಾಗಮಂಡಲದಲ್ಲಿ ಇಳಿದು ಸಂಗಮ ನೋಡಿ, ಭಗಂಡೇಶ್ವರನ ಗುಡಿಯಲ್ಲಿ ಕುಳಿತು ಸುಧಾರಿಸಿಕೊಳ್ಳಿ. ಅಲ್ಲಿಂದ ತಲಕಾವೇರಿಗೆ ಎಂಟು ಕಿಲೋಮೀಟರ್. ಮೆಟ್ಟಿಲು ಹತ್ತುವಾಗ ಮಾವನವರ ಎಡಕ್ಕೊಬ್ಬ ಮೊಮ್ಮಗ, ಬಲಕ್ಕೊಬ್ಬ ಮೊಮ್ಮಗ. ಅವರು ನಿಂತಲ್ಲಿ ಎಲ್ಲರೂ ನಿಲ್ಲಲಿ, ಯಾರೂ ಮುಂದೆ ಓಡಬಾರದು. ಮಂಡಿ ಒಪ್ಪದಿದ್ದರೆ ಅರ್ಧದಲ್ಲೇ ಕುಳಿತು ಬುತ್ತಿ ಬಿಚ್ಚಿ. ಇಬ್ಬಿಬ್ಬರಾಗಿ ಕಾವೇರಿ ಹುಟ್ಟುವ ಕುಂಡಿಕೆಯವರೆಗೆ ಹೋಗಿ ಬನ್ನಿ, ಅವರ ಜೊತೆ ಯಾವಾಗಲೂ ಯಾರಾದರೂ ಇರಲಿ. ಮೇ ಕೊನೆಯ ವಾರಕ್ಕೆ ಇಡಬೇಡಿ, ಮುಂಗಾರು ಪೂರ್ವದ ಮಳೆ ಜೋರಾದರೆ ಆ ದಾರಿಯಲ್ಲಿ ಮಂಜು ಕವಿಯುತ್ತದೆ. ಬೇತ್ರಿಗೆ ಬರುವ ದಿನ ಹಿಂದಿನ ಸಂಜೆಯೇ ತಿಳಿಸಿ. ನಮ್ಮ ಮನೆ ಆ ರಸ್ತೆಯಲ್ಲೇ ಇದೆ, ಎಂಟು ಜನರಿಗೂ ನೂಪುಟ್ಟು, ಅಂದರೆ ನಮ್ಮ ಅಕ್ಕಿ ಶಾವಿಗೆ, ಮಾಡಿಡುತ್ತೇನೆ.